ಶ್ರುತಿ ತಪ್ಪಿದೆ ಅಂದಾಗ

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಚರ್ಚಿನ ಕ್ವಾಯರ್‌ನ, ಅಂದರೆ ಹಾಡುವ ತಂಡದ, ಮಕ್ಕಳು ಅವರನ್ನು ಮೇಷ್ಟ್ರು ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ನವೆಂಬರ್‌ನಲ್ಲಿ ಮೊದಲ ಸಲ ಬಂದಾಗ ಮಾತಾಡಿದ್ದು ಅವರ ಹೆಂಡತಿ. "ಇವರು ನಾಲ್ಕು ಭಾನುವಾರದಿಂದ ಆರಾಧನೆಗೆ ಬರ್ತಿಲ್ಲ ಮೇಡಂ. ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಕೂತಿರ್ತಾರೆ. ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿಬಿಟ್ಟಿದ್ದಾರೆ." ಮೇಷ್ಟ್ರು ಕಿಟಕಿ ಕಡೆ ನೋಡುತ್ತಾ ಕೂತಿದ್ದರು.

ಅವರಿಗೆ 61 ವರ್ಷ. ತುಮಕೂರು ಕಡೆಯವರು. ಬೆಂಗಳೂರಿನಲ್ಲಿ ಹೈಸ್ಕೂಲ್ ಪಾಠ ಹೇಳಿ ನಿವೃತ್ತರಾದವರು. ಇಲ್ಲಿನ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ 19 ವರ್ಷದಿಂದ ಕ್ವಾಯರ್ ನಡೆಸುತ್ತಿದ್ದರು.

ನಡೆದದ್ದು ಚರ್ಚಿನ ಸುಗ್ಗಿ ಹಬ್ಬದ ದಿನ. ನಮ್ಮ ಸಭೆಗಳಿಗೆ ಹೋಗುವವರಿಗೆ ಆ ದಿನ ಹೇಗಿರುತ್ತದೆ ಅಂತ ಗೊತ್ತು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮನೆಯಲ್ಲಿ ಮಾಡಿದ ಕೇಕು. ಯಾರೂ ಬೇಗ ಮನೆಗೆ ಹೋಗುವುದಿಲ್ಲ. ಅಷ್ಟು ಜನರ ಮಧ್ಯೆ ಸಭೆಯ ಹಿರಿಯರೊಬ್ಬರು ಮೇಷ್ಟ್ರನ್ನು ನಿಲ್ಲಿಸಿ, ಅವರ ಹಾಡಿನ ಬಗ್ಗೆ ಗಟ್ಟಿಯಾಗಿ ಅಂದುಬಿಟ್ಟರು. ಸುತ್ತ ಇದ್ದವರು ಮಾತು ನಿಲ್ಲಿಸಿದರು. ಮೇಷ್ಟ್ರು ಏನೂ ಹೇಳದೆ ಮನೆಗೆ ಬಂದರು. ಸಂಜೆ ಕ್ವಾಯರ್‌ನ ವಾಟ್ಸಾಪ್ ಗುಂಪಿಗೆ ಬರೆದರು: "ಎಲ್ಲಾ ನನ್ನದೇ ತಪ್ಪು. ದಯವಿಟ್ಟು ಕ್ಷಮಿಸಿ. ಇನ್ನು ಮುಂದೆ ನಾನು ಬರುವುದಿಲ್ಲ." ಆಮೇಲೆ ಫೋನ್ ಸ್ವಿಚ್ ಆಫ್ ಮಾಡಿದರು.

ಹಿರಿಯರ ಮಾತಿಗಿಂತ ಈ ಮೆಸೇಜೇ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು. ನಮ್ಮಲ್ಲಿ ಇದನ್ನು ದೀನತೆ ಅಂತ ಹೊಗಳುತ್ತಾರೆ. "ನೋಡಿ, ಎಷ್ಟು ತಗ್ಗಿ ನಡೆದರು" ಅನ್ನುತ್ತಾರೆ. ಆದರೆ ಯಾವ ತಪ್ಪು ಅಂತ ನೋಡದೆ "ಎಲ್ಲಾ ನನ್ನದೇ" ಅನ್ನುವುದು ಪಶ್ಚಾತ್ತಾಪ ಅಲ್ಲ. ಅದು ಅಂಗಡಿಯ ಷಟರ್ ಎಳೆದ ಹಾಗೆ. ಇನ್ನು ಯಾರೂ ಮಾತಾಡಬೇಡಿ ಅಂದ ಹಾಗೆ. ಒಳಗಿನ ನೋವು, ಸಿಟ್ಟು ಹಾಗೇ ಉಳಿದಿರುತ್ತದೆ.

ಮೊದಲ ಭೇಟಿಯಲ್ಲಿ ನಾನು ಬೈಬಲ್ ತೆರೆಯಲಿಲ್ಲ. ನಿದ್ದೆ, ಊಟ, ಎದೆಬಡಿತ ವಿಚಾರಿಸಿದೆ. ಬದುಕು ಸಾಕು ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಇದನ್ನು ಕೇಳಲು ಯಾರೂ ಹಿಂಜರಿಯಬಾರದು. "ಅಷ್ಟು ದೂರ ಹೋಗಿಲ್ಲ" ಅಂದರು. ಆದರೂ ನಿದ್ದೆಯಿಲ್ಲದ ರಾತ್ರಿ, ಯಾವುದರಲ್ಲೂ ಮನಸ್ಸಿಲ್ಲದ ಹಗಲು ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿಯ 14416 ನಂಬರನ್ನೂ ಅವರ ಹೆಂಡತಿಗೆ ಬರೆದುಕೊಟ್ಟೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸೇವೆ ಇದು. ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಣ ಕೊಡಬೇಕಿಲ್ಲ, ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡಬಹುದು. "ಪ್ರಾರ್ಥನೆ ಸಾಲದಾ?" ಅಂತ ಮೇಷ್ಟ್ರು ಕೇಳಿದರು. "ಅಪೊಸ್ತಲ ಪೌಲನ ಜೊತೆಗಿದ್ದ ಲೂಕ ವೈದ್ಯನೇ ಅಲ್ವಾ ಮೇಷ್ಟ್ರೇ" ಅಂದೆ. ತೋರಿಸಿಕೊಂಡರು. ಬಿಪಿ ಸ್ವಲ್ಪ ಏರಿತ್ತು.

ಎರಡನೇ ಸಲ ಒಬ್ಬರೇ ಬಂದರು. ಹಿರಿಯರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ಒಂದು ಪದವೂ ಸೇರಿಸಬೇಡಿ ಅಂದೆ. ಒಂದು ಪುಟ ತುಂಬಿಸಿದರು. "ಇದಷ್ಟೂ ಅವರು ಅಂದದ್ದೇನಾ?" ಅಂತ ಕೇಳಿದೆ. ಮತ್ತೆ ಓದಿಕೊಂಡು, ಒಂದೊಂದೇ ಸಾಲಿಗೆ ಗೆರೆ ಹೊಡೆಯತೊಡಗಿದರು. ಕೊನೆಗೆ ಉಳಿದದ್ದು ಎರಡೇ ವಾಕ್ಯ. "ಎಲ್ಲಾ ಹಾಡಲ್ಲೂ ನೀವೊಬ್ರೇ ಹಾಡ್ತೀರಿ, ಮಕ್ಕಳಿಗೆ ಒಂದು ಚರಣ ಬಿಡಲ್ಲ. ಇದು ದೇವರಿಗೋಸ್ಕರ ಅಲ್ಲ, ನಿಮ್ಮ ಹೆಸರಿಗೋಸ್ಕರ."

ಗೆರೆ ಹೊಡೆದ ಸಾಲುಗಳಲ್ಲಿ ಒಂದು ನನ್ನ ಕಣ್ಣಿಗೆ ಬಿತ್ತು. "ನಿನಗೆ ದೊಡ್ಡಸ್ತಿಕೆ ಜಾಸ್ತಿ." ಆ ಹಿರಿಯರು ಮೇಷ್ಟ್ರನ್ನು ಯಾವತ್ತೂ 'ನೀನು' ಅಂದವರಲ್ಲ. ಹಾಗಾದರೆ ಇದು ಯಾರ ಮಾತು ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಅಪ್ಪನದು" ಅಂದರು. ತಂದೆ ಹಳ್ಳಿಯಲ್ಲಿ ಉಪದೇಶಿ, ಅಂದರೆ ಸಭೆಯಲ್ಲಿ ಬೋಧನೆ ಮಾಡುವವರು. ಮಗ ಎಂಟು ವರ್ಷದವನಿದ್ದಾಗ ಸಭೆಯಲ್ಲಿ ಹಾಡಿದ. ಎಲ್ಲರೂ ಹೊಗಳಿದರು. ಮನೆಗೆ ಬಂದ ಮೇಲೆ ಅಪ್ಪ ಬೈದರು. 53 ವರ್ಷದ ಹಿಂದಿನ ಮಾತು ಹಿರಿಯರ ಮಾತಿನ ಜೊತೆ ಸೇರಿಕೊಂಡು ಕೂತಿತ್ತು. ಯಾರಾದರೂ ಒಂದು ಮಾತು ಅಂದಾಗ ನಮಗೆ ಅಷ್ಟೊಂದು ನೋವಾದರೆ, ಅದರಲ್ಲಿ ಎಷ್ಟು ಪಾಲು ಇವತ್ತಿನದು ಅಂತ ನೋಡಿಕೊಳ್ಳಬೇಕು. ಇವತ್ತಿನವರ ಮೇಲೆ ಹಳೆಯ ಸಾಲವನ್ನೂ ಹೊರಿಸುವುದು ನ್ಯಾಯವಲ್ಲ.

ಉಳಿದ ಎರಡು ವಾಕ್ಯಗಳ ಮೇಲೆ ಮೂರನೇ ಭೇಟಿ ಪೂರ್ತಿ ಕಳೆದೆವು.

"ಯಾರೋ ಬಂದು ನಿಮ್ಮ ಶ್ರುತಿ ತಪ್ಪಿದೆ ಅಂದ್ರೆ ಏನು ಮಾಡ್ತೀರಿ ಮೇಷ್ಟ್ರೇ?"

"ಶ್ರುತಿ ಪೆಟ್ಟಿಗೆಗೆ ಕಿವಿ ಕೊಡ್ತೀನಿ."

"ಹೇಳಿದವರು ಒರಟಾಗಿ ಹೇಳಿದ್ರೆ?"

"ಒರಟಾಗಿ ಹೇಳಿದ್ರೂ ತಪ್ಪಿದ್ರೆ ತಪ್ಪಿದೆ, ಅಷ್ಟೇ."

ಮೊದಲ ವಾಕ್ಯ ಆ ಥರದ್ದು. ಲೆಕ್ಕ ಹಾಕಿ ನೋಡಬಹುದು. ಪ್ರತಿ ಭಾನುವಾರದ ಹಾಡು ಬರೆದಿಡುವ ಪುಸ್ತಕ ಅವರ ಚೀಲದಲ್ಲೇ ಇತ್ತು. ಒಂದು ವರ್ಷದಲ್ಲಿ ಒಬ್ಬರೇ ಹಾಡುವ ಚರಣ ಬಂದದ್ದು 23 ಸಲ. ಅದರಲ್ಲಿ 17 ಸಲ ಮೇಷ್ಟ್ರೇ ಹಾಡಿದ್ದರು. ಪುಸ್ತಕ ಮುಚ್ಚಿ, "ನನಗೆ ಗೊತ್ತೇ ಇರಲಿಲ್ಲ ಮೇಡಂ" ಅಂದರು. ಅವರ ಕಣ್ಣು ತುಂಬಿದ್ದು ಅವತ್ತು ಮೊದಲ ಸಲ.

ಎರಡನೇ ವಾಕ್ಯ ಬೇರೆ. ಅದು ಮನಸ್ಸಿನ ಉದ್ದೇಶದ ಮೇಲೆ ಕೊಟ್ಟ ತೀರ್ಪು. ಅದನ್ನು ಯಾವ ಪುಸ್ತಕದಲ್ಲೂ ಲೆಕ್ಕ ಹಾಕಲು ಬರುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 4ನೇ ಅಧ್ಯಾಯ ತೆಗೆದೆವು. ನೀವು ನನ್ನನ್ನು ವಿಚಾರಿಸುವುದು, ಅಂದರೆ ನನ್ನ ಮೇಲೆ ತೀರ್ಪು ಕೊಡುವುದು, ನನಗೆ ಅಲ್ಪವಾದ ಸಂಗತಿ ಅನ್ನುತ್ತಾನೆ ಪೌಲ. ನಾವು ಅಲ್ಲಿಗೇ ನಿಲ್ಲಿಸಿ, "ಯಾರು ಏನಂದರೂ ನನಗೇನು" ಅಂತ ಎದೆ ಉಬ್ಬಿಸುತ್ತೇವೆ. ಆದರೆ ಅವನು ಮುಂದೆ ಹೇಳುವುದೇ ಮುಖ್ಯ. ನನ್ನನ್ನು ನಾನೂ ವಿಚಾರಿಸಿಕೊಳ್ಳುವುದಿಲ್ಲ, ನನ್ನಲ್ಲಿ ದೋಷ ಕಾಣದಿದ್ದರೂ ಅಷ್ಟರಿಂದಲೇ ನಾನು ನಿರ್ದೋಷಿ ಅಲ್ಲ, ವಿಚಾರಿಸುವವನು ಕರ್ತನು ಅನ್ನುತ್ತಾನೆ. ಹಿರಿಯರಿಗೂ ಇಲ್ಲದ, ಮೇಷ್ಟ್ರಿಗೂ ಇಲ್ಲದ ಅಧಿಕಾರ ಅದು. ಹಾಗಾಗಿ ಆ ವಾಕ್ಯಕ್ಕೆ ವಾದ ಬೇಡ, ಒಪ್ಪಿಗೆಯೂ ಬೇಡ. 139ನೇ ಕೀರ್ತನೆಯ ಕೊನೆಯ ಎರಡು ವಚನಗಳನ್ನು ದಿನಾ ರಾತ್ರಿ ಪ್ರಾರ್ಥನೆಯಾಗಿ ಹೇಳಿ ಅಂದೆ. ದೇವರೇ, ನನ್ನನ್ನು ಪರೀಕ್ಷಿಸಿ ನನ್ನ ಹೃದಯವನ್ನು ತಿಳಿದುಕೋ ಅಂತ ಕೇಳುವ ಭಾಗ ಅದು. ನನ್ನ ಅನುಭವದಲ್ಲಿ, ತೀರ್ಪು ಕರ್ತನ ಕೈಯಲ್ಲಿದೆ ಅಂತ ನಂಬಿದವರಿಗೆ ಮಾತ್ರ ಟೀಕೆಯಲ್ಲಿರುವ ನಿಜವನ್ನು ಹೆದರದೆ ನೋಡಲು ಆಗುತ್ತದೆ.

"ಸರಿ, ಸುಮ್ನೆ ಇದ್ದುಬಿಡ್ತೀನಿ" ಅಂದರು ಮೇಷ್ಟ್ರು. "ಶಿಮ್ಮೀ ಕಲ್ಲು ಹೊಡೆದು ಶಪಿಸಿದಾಗ ದಾವೀದ ಅರಸನೂ ಸುಮ್ನೆ ಇದ್ದನಲ್ಲ." ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಇನ್ನೊಂದು ದಿನ ಓದೋಣ ಅಂದೆ. ಅದರ ಬದಲು ಬೈಬಲ್‌ನ ಹನ್ನಳ ಕಥೆ ನೆನಪಿಸಿದೆ. ಶೀಲೋವಿನ ದೇವಾಲಯದಲ್ಲಿ ಅವಳು ದನಿಯಿಲ್ಲದೆ ತುಟಿ ಅಲುಗಿಸುತ್ತಾ ಪ್ರಾರ್ಥನೆ ಮಾಡುತ್ತಿದ್ದಳು. ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡು ಗದರಿಸಿದ. ಅವಳು ಕೂಗಾಡಲಿಲ್ಲ, ಅಳುತ್ತಾ ಓಡಿಹೋಗಲೂ ಇಲ್ಲ. ಹಾಗಲ್ಲ ಸ್ವಾಮಿ, ನಾನು ಕುಡಿದಿಲ್ಲ, ಮನೋವ್ಯಥೆಯಿಂದ ದೇವರ ಮುಂದೆ ಹೃದಯ ಬಿಚ್ಚಿಟ್ಟೆ ಅಂತ ಮರ್ಯಾದೆಯಿಂದ ಹೇಳಿದಳು. ಏಲಿ ಮಾತು ಬದಲಿಸಿ ಆಶೀರ್ವದಿಸಿದ. ಯೇಸು ಸ್ವಾಮಿಯೂ ತಮ್ಮ ಕೆನ್ನೆಗೆ ಹೊಡೆದ ಓಲೇಕಾರನನ್ನು ಕೇಳಿದರಲ್ಲ, ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆಯುತ್ತೀ ಅಂತ. ಕೇಳುವುದು ಅಹಂಕಾರ ಅಲ್ಲ.

ಮೇಷ್ಟ್ರಿಗೆ ಕೊಟ್ಟ ಸಲಹೆ ಇಷ್ಟು. ಮತ್ತಾಯ 18ರಲ್ಲಿ ಹೇಳಿದ ಹಾಗೆ ಹಿರಿಯರ ಹತ್ತಿರ ಒಬ್ಬರೇ ಹೋಗಿ. ಗುಂಪಿನಲ್ಲಿ ಬರೆಯಬೇಡಿ, ಪಾದ್ರಿ ಅಯ್ಯನವರನ್ನು ಮಧ್ಯೆ ಎಳೆಯಬೇಡಿ. ನಿಜವಾದದ್ದನ್ನು ಮೊದಲು ಒಪ್ಪಿಕೊಳ್ಳಿ, ಲೆಕ್ಕದ ಸಮೇತ. ಆಮೇಲೆ ನಿಮಗಾದ ನೋವನ್ನು ಒಂದೇ ವಾಕ್ಯದಲ್ಲಿ ಹೇಳಿ. ಅವರು ಕ್ಷಮೆ ಕೇಳುತ್ತಾರೆ ಅಂತ ಕಾಯಬೇಡಿ. ಮನೆಯಲ್ಲಿ ಹೆಂಡತಿಯ ಮುಂದೆ ಮೂರು ಸಲ ಹೇಳಿ ಅಭ್ಯಾಸ ಮಾಡಿಕೊಂಡರಂತೆ.

ಒಂದು ಶನಿವಾರ ಬೆಳಿಗ್ಗೆ ಹೋದರು. "ನೀವು ಹೇಳಿದ ಮೇಲೆ ಪುಸ್ತಕ ನೋಡಿದೆ ಅಣ್ಣ. 23ರಲ್ಲಿ 17 ನಾನೇ ಹಾಡಿದ್ದೆ. ಅದು ತಪ್ಪು, ತಿದ್ಕೊಳ್ತೀನಿ. ಆದ್ರೆ ಅಷ್ಟು ಜನರ ಮುಂದೆ ಅಂದಿದ್ದು, ದೇವರಿಗೋಸ್ಕರ ಅಲ್ಲ ಅಂದಿದ್ದು ತುಂಬಾ ನೋವಾಯ್ತು." ಹಿರಿಯರು ಏನೂ ಹೇಳಲಿಲ್ಲ. ಒಳಗೆ ತಿರುಗಿ, ಕಾಫಿ ತರಲು ಹೇಳಿದರು. ಅಷ್ಟೇ. ಕ್ಷಮೆ ಬರಲಿಲ್ಲ. ಆದರೆ ಅವತ್ತು ರಾತ್ರಿ ಮೇಷ್ಟ್ರು ಐದು ಗಂಟೆ ನಿದ್ದೆ ಮಾಡಿದರು.

ಡಿಸೆಂಬರ್‌ನಲ್ಲಿ ಕ್ವಾಯರ್ ಮನೆಮನೆಗೆ ಕ್ಯಾರಲ್ ಹಾಡಲು ಹೊರಟಾಗ ಅವರೂ ಜೊತೆಗಿದ್ದರು. ಒಬ್ಬರೇ ಹಾಡುವ ಚರಣಗಳನ್ನು ಮೂವರು ಮಕ್ಕಳಿಗೆ ಹಂಚಿದ್ದರು.

ಕಳೆದ ಭೇಟಿಯಲ್ಲಿ ಶಿಮ್ಮೀಯ ಕಥೆಯ ಉಳಿದ ಭಾಗ ಓದಿದೆವು. ಅರಸುಗಳು ಮೊದಲನೆಯ ಪುಸ್ತಕ, 2ನೇ ಅಧ್ಯಾಯ. ದಾವೀದ ಸಾಯುವ ಹೊತ್ತಿನಲ್ಲಿ ಮಗ ಸೊಲೊಮೋನನಿಗೆ ಶಿಮ್ಮೀಯ ಹೆಸರು ಹೇಳುತ್ತಾನೆ. ಅವನನ್ನು ಸುಮ್ಮನೆ ಬಿಡಬೇಡ ಅನ್ನುತ್ತಾನೆ. ಅಷ್ಟು ವರ್ಷ ಆದ ಮೇಲೂ ಆ ಶಾಪದ ಮಾತು ಅವನ ನೆನಪಿನಲ್ಲಿತ್ತು.

ಮೇಷ್ಟ್ರು ಆ ವಚನವನ್ನು ಎರಡು ಸಲ ಓದಿದರು. ಆಮೇಲೆ ಹೇಳಿದರು: ಭಾನುವಾರ ಹಿರಿಯರು ಎದುರಿಗೆ ಬಂದರೆ ಈಗಲೂ ಪಕ್ಕದ ಬಾಗಿಲಿಂದ ಹೋಗ್ತೀನಿ ಮೇಡಂ. ಪ್ರಾರ್ಥನೆಯಲ್ಲಿ ಅವರ ಹೆಸರು ಇನ್ನೂ ಬಾಯಿಗೆ ಬರ್ತಿಲ್ಲ.

ಜನವರಿಯಲ್ಲಿ ಮತ್ತೆ ಬರುತ್ತಾರೆ. ಅಲ್ಲಿಂದಲೇ ಶುರು ಮಾಡುತ್ತೇವೆ.