ಪ್ರತಿಕ್ರಿಯೆ: ಒಲೆ ಹೊತ್ತಿಸುವಾಗ ಹೊಗೆ ಒಳಗೇ ತಿರುಗುವುದೇಕೆ?

ನಮಸ್ಕಾರ. ಖಾನಾಪುರದ ನಿಮ್ಮ ಹಂಚಿನ ಮನೆಯಲ್ಲಿ ಹೊಗೆಕೊಳವೆ ಹಾಕಿಸಿದ ಮೇಲೂ ಮಳೆಗಾಲದ ಬೆಳಿಗ್ಗೆ ಹೊಗೆ ಅಡುಗೆಮನೆಯಲ್ಲೇ ತುಂಬುತ್ತದೆ, ಸ್ವಲ್ಪ ಹೊತ್ತಿನ ನಂತರ ತಾನಾಗಿ ಸರಿಹೋಗುತ್ತದೆ ಎಂದು ಬರೆದಿದ್ದೀರಿ. ಕೊಳವೆಯೊಳಗಿನ ಗಾಳಿ ಹೊರಗಿನ ಗಾಳಿಗಿಂತ ಬಿಸಿಯಾಗಿ ಹಗುರಾದಾಗ ಮಾತ್ರ ಹೊಗೆ ಮೇಲಕ್ಕೇರುತ್ತದೆ. ರಾತ್ರಿಯಿಡೀ ಮಳೆಗೆ ತಣ್ಣಗಾದ ಕೊಳವೆಗೆ ಆ ಸೆಳೆತ ಇರುವುದಿಲ್ಲ. ಆದ್ದರಿಂದ ಕಟ್ಟಿಗೆ ಒಟ್ಟುವ ಮೊದಲು ಕೊಳವೆಯ ಬುಡದಲ್ಲಿ ರದ್ದಿ ಕಾಗದವನ್ನು ಒಂದೆರಡು ನಿಮಿಷ ಉರಿಸಿ, ಅಲ್ಲಿ ಊದಿನಕಡ್ಡಿ ಹಿಡಿದು ನೋಡಿರಿ. ಅದರ ಹೊಗೆಯ ಎಳೆ ಕೊಳವೆಯೊಳಗೆ ಬಾಗಿದರೆ ಒಲೆ ಹೊತ್ತಿಸಬಹುದು. ಆಗ ಕಿಟಕಿ ತುಸು ತೆರೆದಿರಲಿ, ಎಕ್ಸಾಸ್ಟ್ ಫ್ಯಾನ್ ಮಾತ್ರ ಬೇಡ, ಏಕೆಂದರೆ ಅದು ಕೊಳವೆಯ ಹೊಗೆಯನ್ನೇ ಕೆಳಗೆಳೆಯುತ್ತದೆ.

ಗಾಳಿ ಜೋರಾದಾಗಲೂ ಹೊಗೆ ತಿರುಗಿ ಬರುತ್ತಿದ್ದರೆ ಕೊಳವೆ ಗಿಡ್ಡವಾಗಿದೆ ಎಂದೇ ನನ್ನ ಅನುಮಾನ. ಅದರ ತುದಿ ಮಾಡಿನ ನೆತ್ತಿಗಿಂತ ಕನಿಷ್ಠ 2 ಅಡಿ ಮೇಲಿರಬೇಕು; ಮಳೆಗೆ ಹಾಕಿದ ಟೋಪಿ ಬಾಯಿಗೆ ತೀರ ಒತ್ತಿಕೊಂಡಿರಬಾರದು. ಬಾಗುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

ಹಸಿ ಕಟ್ಟಿಗೆಯನ್ನಂತೂ ದಯವಿಟ್ಟು ಉರಿಸಬೇಡಿರಿ. ಅದರ ಹೊಗೆ ತಣ್ಣನೆಯ ಕೊಳವೆಯ ಒಳಮೈಗೆ ಡಾಂಬರಿನಂತೆ ಅಂಟಿ, ದಾರಿಯನ್ನು ಕಿರಿದಾಗಿಸುವುದಲ್ಲದೆ, ಒಂದು ದಿನ ತಾನೇ ಹೊತ್ತಿಕೊಳ್ಳಬಹುದು. ನಿಮ್ಮದು ತಗಡಿನ ಕೊಳವೆಯಾದ್ದರಿಂದ ಮರದ ಜಂತಿ, ರೀಪುಗಳಿಗೆ ಅದು ಎಲ್ಲಿಯೂ ತಾಗದಂತೆ ನೋಡಿಕೊಳ್ಳಿ. ಮಳೆಗಾಲಕ್ಕೆ ಮೊದಲೊಮ್ಮೆ, ನಡುವೆಯೊಮ್ಮೆ ಮಸಿ ಕೆರೆಸಿರಿ.