ಗಾಜಿನಲ್ಲಿ ಹಕ್ಕಿಯ ಕೂಗು

ಪ್ರಶ್ನೆ: ಹಕ್ಕಿಯ ಕೂಗು, ಮಳೆಯ ಸದ್ದು ಮುಂತಾದವನ್ನು ಕಂಪ್ಯೂಟರಿನ ನೆರವಿನಿಂದ ಊದುಗಾಜಿನ ಕಲಾಕೃತಿಗಳಲ್ಲಿ ಹಿಡಿದಿಡುತ್ತಾರೆಂದು ಓದಿದೆ. ಆ ಗಾಜಿನಿಂದ ಮೂಲ ಧ್ವನಿಯನ್ನು ಮತ್ತೆ ಕೇಳಬಹುದೇ? ಆಕಾರವನ್ನು ಕಂಪ್ಯೂಟರೇ ನಿರ್ಧರಿಸುವುದಾದರೆ ಗಾಜು ಊದುವವರಿಗೆ ಉಳಿಯುವ ಕೆಲಸವೇನು?

ಉತ್ತರ: ಕೇಳಲಾಗದು. ಏಕೆ ಕೇಳಲಾಗದು ಎಂಬುದನ್ನು ತಿಳಿದರೆ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಸಿಡಿ ಗುಣಮಟ್ಟದ ಧ್ವನಿಮುದ್ರಣದಲ್ಲಿ ಶಬ್ದದ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ದಾಖಲಿಸುತ್ತಾರೆ. ಆ ಅಂಕಿಗಳಿಂದ ಒಂದು ಗೆರೆಯನ್ನೆಳೆದು, ಅದನ್ನು ಲಂಬವಾಗಿ ನಿಲ್ಲಿಸಿ, ತಿಗರಿಯ ಮೇಲಿನ ಮಣ್ಣಿನಂತೆ ಒಂದು ಅಕ್ಷದ ಸುತ್ತ ತಿರುಗಿಸಿದರೆ ಹೂದಾನಿಯಂತಹ ಆಕಾರ ಮೂಡುತ್ತದೆ: ದನಿ ಜೋರಾದ ಕಡೆ ಉಬ್ಬು, ಮೆತ್ತಗಾದ ಕಡೆ ಸಪೂರ. ಈ ಆಕಾರಕ್ಕೆ ತಕ್ಕ ಅಚ್ಚನ್ನು ಕಂಪ್ಯೂಟರ್ ನಿಯಂತ್ರಿತ ಯಂತ್ರವು ಮರದಲ್ಲೋ ಗ್ರಾಫೈಟಿನಲ್ಲೋ ಕೊರೆಯುತ್ತದೆ.

ಮೂರು ಸೆಕೆಂಡಿನ ಕೂಗಿಗೆ 30 ಸೆಂಟಿಮೀಟರ್ ಎತ್ತರದ ಹೂದಾನಿಯೆಂದು ಇಟ್ಟುಕೊಳ್ಳೋಣ. ಕೂಗಿನ ಆವರ್ತನ 4,000 ಹರ್ಟ್ಸ್ ಆಗಿದ್ದರೆ, ಸೆಕೆಂಡಿಗೆ ಮೂಡುವ ಅಷ್ಟೂ ಅಲೆಗಳು ಹತ್ತು ಸೆಂಟಿಮೀಟರಿನಲ್ಲಿ ಹಿಡಿಸಬೇಕು, ಅಂದರೆ ಒಂದೊಂದು ಅಲೆಗೆ ದೊರೆಯುವುದು ಮಿಲಿಮೀಟರಿನ ನಲವತ್ತನೆಯ ಒಂದು ಪಾಲು ಮಾತ್ರ. ಕೆಂಡದಂತೆ ಹೊಳೆಯುವ ಮೆತ್ತನೆಯ ಗಾಜು ತನ್ನ ಮೇಲ್ಮೈ ಸೆಳೆತದಿಂದ ಇಷ್ಟು ಸಣ್ಣ ಏಣುಗಳನ್ನೆಲ್ಲ ನುಣ್ಣಗಾಗಿಸಿಬಿಡುತ್ತದೆ. ಉಳಿಯುವುದು ಕೂಗಿನ ಒಟ್ಟಾರೆ ಏರಿಳಿತವೇ ಹೊರತು ಒಳಗಿನ ಸ್ವರವಲ್ಲ. 1857ರಲ್ಲಿ ಫ್ರಾನ್ಸಿನ ಸ್ಕಾಟ್ ದ ಮಾರ್ಟಿನ್‌ವಿಲ್ ರೂಪಿಸಿದ ಯಂತ್ರವು ಮಸಿ ಹಿಡಿಸಿದ ಕಾಗದದ ಮೇಲೆ ಧ್ವನಿಯನ್ನು ಗೀಚುತ್ತಿತ್ತು. ಕಣ್ಣಿಗೆಂದೇ ಮಾಡಿದ್ದರೂ ಆ ಗೀಚಿನಲ್ಲಿ ಬಿಡಿ ಅಲೆಗಳು ಉಳಿದಿದ್ದುದರಿಂದ, 1860ರ ಒಂದು ದಾಖಲೆಯನ್ನು 2008ರಲ್ಲಿ ಧ್ವನಿಯಾಗಿ ಕೇಳಲು ಸಾಧ್ಯವಾಯಿತು. ಗಾಜಿನಲ್ಲಿ ಆ ಅಲೆಗಳೇ ಇರುವುದಿಲ್ಲ.

ಇನ್ನು ಊದುವವರ ಕೆಲಸ. ಮರದ ಅಚ್ಚನ್ನು ನೀರಿನಲ್ಲಿ ನೆನೆಸಿಟ್ಟಿರುತ್ತಾರೆ. ಬಿಸಿ ಗಾಜು ಒಳಗಿಳಿದೊಡನೆ ಎದ್ದ ಹಬೆಯು ಗಾಜಿಗೂ ಮರಕ್ಕೂ ನಡುವೆ ತೆಳುಪದರವಾಗಿ ನಿಲ್ಲುತ್ತದೆ, ಊದುಕೊಳವೆಯನ್ನು ತಿರುಗಿಸುತ್ತಲೇ ಊದಿದರೆ ಅಚ್ಚಿನ ಹೋಳುಗಳು ಕೂಡುವ ಗೆರೆ ಗಾಜಿನ ಮೇಲೆ ಬೀಳುವುದಿಲ್ಲ. ಉಸಿರು ಕಡಿಮೆಯಾದರೆ ಗಾಜು ಉಬ್ಬುಗಳ ತುದಿಯನ್ನು ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ. ಹೆಚ್ಚಾದರೆ ಉಬ್ಬಿದ ಕಡೆ ಗೋಡೆ ಅಪಾಯಕರವಾಗಿ ತೆಳುವಾಗುತ್ತದೆ. ದಪ್ಪವೂ ತೆಳುವೂ ಬೇರೆಬೇರೆ ವೇಗದಲ್ಲಿ ತಣಿಯುವುದರಿಂದ, ಸಿದ್ಧವಾದ ಹೂದಾನಿಯನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ಸಿನ ಒಲೆಯಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಆರಿಸದಿದ್ದರೆ ಅದು ಸೀಳುತ್ತದೆ.

ಹೀಗಾಗಿ ಧ್ವನಿಯಲ್ಲಿ ಯಾವುದನ್ನು ಉಳಿಸಬೇಕೆಂಬುದನ್ನು ಅಚ್ಚು ಕೊರೆಯುವ ಮೊದಲೇ ಗಾಜಿನವರೊಡನೆ ಕುಳಿತು ತೀರ್ಮಾನಿಸಬೇಕು. ಎರಡು ಕೂಗುಗಳ ನಡುವಿನ ಮೌನವನ್ನು ಕತ್ತರಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ. ಎಡೆಬಿಡದ ಜೀರುಂಡೆಯ ದನಿ ಹೆಚ್ಚುಕಡಿಮೆ ಒಂದೇ ದಪ್ಪದ ಕೊಳವೆಯಾಗಿಬಿಡುತ್ತದೆ. ತಡೆದು ತಡೆದು ಕೂಗುವ ಹಕ್ಕಿಯ ಮೌನಗಳಾದರೋ ಗಾಜಿನಲ್ಲಿ ಬೆರಳಿಟ್ಟು ಎಣಿಸಬಹುದಾದ ಕಿರಿದಾದ ಕುತ್ತಿಗೆಗಳಾಗುತ್ತವೆ.