ಚಿಗರಿ ಹೊಡೆಯೋಕೆ ಎಮ್ಮೆಲ್ಲೆ ಅಪ್ಪಣೆ ಕೊಡಬಹುದಾ?

ಪ್ರಶ್ನೆ: ನಮ್ಮದು ಕುಕನೂರು ತಾಲ್ಲೂಕು, ಎರಿ ಹೊಲ. ಹೆಸರು ಬಿತ್ತಿದರೂ ಚಿಗರಿ (ಕೃಷ್ಣಮೃಗ) ಕಾಟ, ಕಡಲೆ ಬಿತ್ತಿದರೂ ಚಿಗರಿ ಕಾಟ. ಫಾರೆಸ್ಟ್‌ನವರಿಗೆ ಹೇಳಿದರೆ ಅರ್ಜಿ ಕೊಡಿ ಅಂತಾರೆ, ಅಷ್ಟೇ. ಮೊನ್ನೆ ಊರ ಸಭೆಯಲ್ಲಿ ಒಬ್ಬರು, ಅಮೆರಿಕದಲ್ಲಿ ಬೇಟೆಯ ಕಾನೂನು ಶಾಸಕರೇ ಮಾಡ್ತಾರೆ, ನಮ್ಮ ಎಮ್ಮೆಲ್ಲೆಗೆ ಯಾಕೆ ಆ ಅಧಿಕಾರ ಇಲ್ಲ ಅಂದರು. ನನಗೂ ಸರಿ ಅನಿಸಿತು. ಇದನ್ನು ನಾವು ಓಟು ಹಾಕಿದವರು ತೀರ್ಮಾನ ಮಾಡಬೇಕಾ, ಆಫೀಸರ್‌ಗಳಾ? ಇನ್ನೊಂದು ವಿಷಯ. ಹಂದಿ ಬರದ ಹಾಗೆ ತಂತಿಗೆ ಕರೆಂಟ್ ಕೊಟ್ಟರೆ ಕೇಸ್ ಆಗುತ್ತಾ?

ಉತ್ತರ: ಚಿಗರಿ ಹೊಡೆಯಲು ನಿಮ್ಮ ಎಮ್ಮೆಲ್ಲೆಯೂ ಅಪ್ಪಣೆ ಕೊಡಲಾರರು, ಅರಣ್ಯ ವಿಭಾಗದ ಅಧಿಕಾರಿ ಡಿಎಫ್‌ಒ ಕೂಡ ಕೊಡಲಾರರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸಭೆಯ ಭರದಲ್ಲಿ ಯಾರೋ ಹೂಂ ಅಂದರು ಅಂತ ಬಂದೂಕು ಎತ್ತಿದರೆ ಜೈಲಿಗೆ ಹೋಗುವವರು ನೀವು, ಹೂಂ ಅಂದವರಲ್ಲ. ಮೂರರಿಂದ ಏಳು ವರ್ಷ ಸಜೆ, ಜೊತೆಗೆ ಕಡಿಮೆ ಅಂದರೂ 25,000 ರೂಪಾಯಿ ದಂಡ.

ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿದೆ. ಆ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಇಡೀ ರಾಜ್ಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರೊಬ್ಬರಿಗೆ ಮಾತ್ರ. ಅದೂ ಮನುಷ್ಯರ ಜೀವಕ್ಕೆ ಅಪಾಯ ಇದ್ದರೆ, ಇಲ್ಲವೇ ಪ್ರಾಣಿಗೆ ವಾಸಿಯಾಗದ ಗಾಯ, ರೋಗ ಇದ್ದರೆ. ಬೆಳೆ ತಿಂದಿತು ಅನ್ನುವುದು ಆ ಕಾರಣಗಳಲ್ಲಿ ಇಲ್ಲವೇ ಇಲ್ಲ. ಕಾಡುಹಂದಿ ಎರಡನೇ ಶೆಡ್ಯೂಲ್‌ನಲ್ಲಿದೆ, ಅದರ ಲೆಕ್ಕ ಬೇರೆ. ಅಲ್ಲಿ ನಿಂತ ಬೆಳೆಗೆ ಅಪಾಯ ಅನ್ನುವ ಕಾರಣಕ್ಕೂ ಲಿಖಿತ ಅನುಮತಿ ಸಿಗಬಹುದು.

ಇದನ್ನೆಲ್ಲ ಆಫೀಸರ್‌ಗಳು ಕೂತು ಬರೆದದ್ದು ಅಂದುಕೊಳ್ಳಬೇಡಿ. ಬರೆದದ್ದು ಪಾರ್ಲಿಮೆಂಟು. ಮೊದಲು ಲೈಸೆನ್ಸ್ ತೆಗೆದುಕೊಂಡು ಬೇಟೆ ಆಡುವುದಕ್ಕೆ ಕಾಯ್ದೆಯಲ್ಲೇ ಜಾಗ ಇತ್ತು, 1991ರ ತಿದ್ದುಪಡಿಯಲ್ಲಿ ಅದನ್ನು ಕಿತ್ತು ಹಾಕಿದರು. ಅಂದರೆ ಓಟು ಹಾಕಿದವರ ಪ್ರತಿನಿಧಿಗಳೇ ತೀರ್ಮಾನ ಮಾಡಿದ್ದಾರೆ, ಆದರೆ ಬೆಂಗಳೂರಲ್ಲಲ್ಲ, ದೆಹಲಿಯಲ್ಲಿ. ವನ್ಯಪ್ರಾಣಿ ವಿಷಯ 1976ರಿಂದ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ ಪಟ್ಟಿಯಲ್ಲಿದೆ, ಹಾಗಾಗಿ ನಮ್ಮ ವಿಧಾನಸಭೆಯೂ ಕಾನೂನು ಮಾಡಬಹುದು. ಆದರೆ ಅದು ಕೇಂದ್ರದ ಕಾಯ್ದೆಗೆ ಅಡ್ಡ ಬಂದರೆ ರಾಷ್ಟ್ರಪತಿಗಳ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ.

ಈಗ ಅಮೆರಿಕಕ್ಕೆ ಬರೋಣ. ಸಭೆಯಲ್ಲಿ ಹೇಳಿದವರದ್ದು ಅರ್ಧ ಸರಿ. ಅಲ್ಲಿ ಬೇಟೆ ಹೆಚ್ಚಾಗಿ ರಾಜ್ಯಗಳ ವಿಷಯ. ಶಾಸಕಾಂಗ ದೊಡ್ಡ ಚೌಕಟ್ಟು ಹಾಕುತ್ತದೆ. ಯಾವ ತಿಂಗಳು, ಎಷ್ಟು ಪ್ರಾಣಿ, ಯಾವ ಆಯುಧ ಅನ್ನುವುದನ್ನು ಸಾಮಾನ್ಯವಾಗಿ ವನ್ಯಜೀವಿ ಇಲಾಖೆಗೋ ಆಯೋಗಕ್ಕೋ ಬಿಡುತ್ತದೆ. ಶಾಸಕರೇ ಒಳಗೆ ಕೈ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ವಿಸ್ಕಾನ್ಸಿನ್ ರಾಜ್ಯದ ತೋಳದ ಕಥೆ ನೋಡಿ. ಕೇಂದ್ರದ ರಕ್ಷಣೆ ಪಟ್ಟಿಯಿಂದ ತೋಳ ಹೊರಬಂದರೆ ಬೇಟೆ ನಡೆಸಲೇಬೇಕು ಅಂತ ಅಲ್ಲಿನ ಶಾಸಕರು 2012ರಲ್ಲಿ ಕಾನೂನು ಮಾಡಿದರು. ನಡೆಸಬಹುದು ಅಲ್ಲ, ನಡೆಸಲೇಬೇಕು. 2021ರ ಜನವರಿಯಲ್ಲಿ ತೋಳ ಪಟ್ಟಿಯಿಂದ ಹೊರಬಂತು. ಇಲಾಖೆ, ತಯಾರಿ ಮಾಡಿಕೊಂಡು ನವೆಂಬರ್‌ನಲ್ಲಿ ನಡೆಸುತ್ತೇವೆ ಅಂದಿತು. ಬೇಟೆ ಪರವಾಗಿದ್ದವರು ಕೋರ್ಟಿಗೆ ಹೋದರು, ಕಾನೂನಿನಲ್ಲಿ ಹಾಗೇ ಬರೆದಿದೆಯಲ್ಲ ಅಂತ ಕೋರ್ಟು ಆ ಫೆಬ್ರವರಿಯಲ್ಲೇ ನಡೆಸಲು ಹೇಳಿತು. ಫೆಬ್ರವರಿ ತೋಳ ಕೂಡುವ ಕಾಲ. ಬೇಟೆಗಾರರಿಗೆ ಇದ್ದ ಮಿತಿ 119. ನಾಯಿ ಬಿಟ್ಟು ಅಟ್ಟಿಸಿ ಹೊಡೆಯುವುದಕ್ಕೂ ಕಾನೂನಿನಲ್ಲಿ ಅವಕಾಶ ಇತ್ತು. ಮೂರು ದಿನ ತುಂಬುವುದರೊಳಗೆ 218 ತೋಳ ಸತ್ತವು. ಲೆಕ್ಕ ಮೀರುತ್ತಿದೆ ಅಂತ ಗೊತ್ತಾದರೂ ಇಲಾಖೆ ಥಟ್ಟನೆ ನಿಲ್ಲಿಸುವಂತಿರಲಿಲ್ಲ, ಯಾಕೆಂದರೆ ನಿಲ್ಲಿಸುವ ಮುಂಚೆ 24 ಗಂಟೆ ನೋಟಿಸ್ ಕೊಡಬೇಕು ಅಂತಲೂ ಅದೇ ಶಾಸಕರು ಬರೆದಿಟ್ಟಿದ್ದರು.

ಹಾಗಂತ ಅಲ್ಲಿನ ಇಲಾಖೆಗಳೇನೂ ದೇವರಲ್ಲ. ಎಷ್ಟೋ ರಾಜ್ಯಗಳಲ್ಲಿ ಅವಕ್ಕೆ ದುಡ್ಡು ಬರುವುದೇ ಬೇಟೆ ಲೈಸೆನ್ಸ್‌ನಿಂದ ಮತ್ತು 1937ರ ಕಾನೂನಿನಂತೆ ಬಂದೂಕು, ತೋಟಾ ಮೇಲೆ ಹಾಕುವ ತೆರಿಗೆಯಿಂದ. ಬೇಟೆಗಾರರ ಮಾತು ಅಲ್ಲಿ ಜಾಸ್ತಿ ನಡೆಯುತ್ತದೆ ಅನ್ನುವ ದೂರು ಸುಮ್ನೆ ಹುಟ್ಟಿದ್ದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬೇಟೆ ಇರಬೇಕೋ ಬೇಡವೋ, ಯಾವ ಪ್ರಾಣಿಗೆ ರಕ್ಷಣೆ, ಬೆಳೆ ಹೋದವರಿಗೆ ದುಡ್ಡು ಯಾರು ಕೊಡಬೇಕು, ಇವು ಗೆದ್ದು ಬಂದವರೇ ಹೇಳಬೇಕಾದ ಮಾತು. ಎಷ್ಟು, ಎಲ್ಲಿ, ಯಾವಾಗ ಅನ್ನುವುದು ಎಣಿಸುವವರ ಕೈಲಿರಬೇಕು. ಆದರೆ ಎಣಿಸದೆ ಕೂತ ಇಲಾಖೆ ನಾವು ತಜ್ಞರು ಅಂತ ಹೇಳಿಕೊಂಡರೆ ನಾನು ಒಪ್ಪುವುದಿಲ್ಲ. ನಿಮ್ಮ ಭಾಗದಲ್ಲಿ ಚಿಗರಿ ಕೊನೆಗೆ ಎಣಿಸಿದ್ದು ಯಾವಾಗ, ಎಷ್ಟಿವೆ, ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ಕೇಳಿ.

ನಮ್ಮ ದೇಶದಲ್ಲೂ ಎರಡು ದಾರಿ ನೋಡಿದ್ದೇವೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯ್ (ಹುಲ್ಲೆ ಜಾತಿಯ ದೊಡ್ಡ ಪ್ರಾಣಿ), ಕಾಡುಹಂದಿ ಎರಡನ್ನೂ ಒಂದು ವರ್ಷದ ಮಟ್ಟಿಗೆ ಉಪದ್ರವಿ ಪ್ರಾಣಿ, ಅಂದರೆ ಕಾಯ್ದೆಯ ರಕ್ಷಣೆ ಇಲ್ಲದ ಪ್ರಾಣಿ, ಅಂತ ಘೋಷಿಸಿತು. ಮರುವರ್ಷ ಅಲ್ಲಿ ಗುಂಡಿನ ಸದ್ದು ಶುರುವಾದಾಗ ಕೇಂದ್ರದ ಇಬ್ಬರು ಮಂತ್ರಿಗಳು, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಬಹಿರಂಗವಾಗಿಯೇ ಜಗಳವಾಡಿದರು. ಕೇರಳ 2022ರಲ್ಲಿ ಬೇರೆ ದಾರಿ ಹಿಡಿಯಿತು. ಕಾಡುಹಂದಿ ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೂ ಇಳಿಸಿತು, ಕಾಯ್ದೆಯ ಒಳಗೇ ಇದ್ದುಕೊಂಡು. ನನಗೆ ಎರಡನೆಯದು ಹಿಡಿಸಿತು, ಊರಿನವರಿಗೆ ಕೇಳಲು ಒಬ್ಬರು ಎದುರಿಗೆ ಸಿಗುತ್ತಾರೆ. ಆದರೆ ಚಿಗರಿಗೆ ಎರಡೂ ಹೊಂದುವುದಿಲ್ಲ. ಒಂದನೇ ಶೆಡ್ಯೂಲ್‌ನ ಪ್ರಾಣಿಯನ್ನು ಕೇಂದ್ರವೂ ಉಪದ್ರವಿ ಅಂತ ಘೋಷಿಸುವಂತಿಲ್ಲ.

ಹಾಗಾದರೆ ಎಮ್ಮೆಲ್ಲೆ ಹತ್ತಿರ ಏನು ಕೇಳಬೇಕು? ಗುಂಡು ಕೇಳಬೇಡಿ, ಸ್ಥಳಾಂತರ ಕೇಳಿ. ಕೇಂದ್ರದ ಪೂರ್ವಾನುಮತಿ ಪಡೆದು ಚಿಗರಿ ಹಿಡಿದು ಬೇರೆ ಕಡೆ ಸಾಗಿಸಲು ಕಾಯ್ದೆಯ 12ನೇ ಕಲಂನಲ್ಲಿ ದಾರಿ ಇದೆ. ಇದು ಬಲೆ ಬೀಸಿ ಹಿಡಿಯುವ ಕೆಲಸವಲ್ಲ, ಗಾಬರಿಗೇ ಸತ್ತುಹೋಗುವ ಪ್ರಾಣಿ ಅದು. ಮಧ್ಯಪ್ರದೇಶದ ಶಾಜಾಪುರದ ಕಡೆ 2025ರಲ್ಲಿ ಹೆಲಿಕಾಪ್ಟರ್‌ನಿಂದ ಹಿಂಡನ್ನು ನಿಧಾನವಾಗಿ ಓಡಿಸಿ, ಬಾಯಿ ಅಗಲ, ಹೋಗ್ತಾ ಹೋಗ್ತಾ ಕಿರಿದಾಗುವ ಬೋಮಾ ಅನ್ನುವ ಆವರಣಕ್ಕೆ ತುಂಬಿಸಿ, ಅಲ್ಲಿಂದ ಲಾರಿಗೆ ಹತ್ತಿಸಿದರು. ಖರ್ಚಿನ ಕೆಲಸ ನಿಜ. ಆದರೆ ಬಜೆಟ್‌ನಲ್ಲಿ ದುಡ್ಡು ಇಡಿಸುವುದು ಎಮ್ಮೆಲ್ಲೆಯದೇ ಕೆಲಸ ಅಲ್ವಾ?

ಎರಡನೆಯದು ಪರಿಹಾರ. ಯಾವ ಪ್ರಾಣಿಯಿಂದ ಹಾನಿಯಾದರೆ ಎಷ್ಟು ಅನ್ನುವುದು ಸರ್ಕಾರದ ಆದೇಶದಲ್ಲಿರುತ್ತದೆ, ಅದನ್ನು ಬದಲಿಸಲು ದೆಹಲಿಗೆ ಹೋಗಬೇಕಿಲ್ಲ. ಮೊಳಕೆ ಎರಡೆಲೆ ಇರುವಾಗಲೇ ಚಿಗರಿ ಕುಡಿ ಕಡಿದು ಹಾಕುತ್ತದೆ, ಉಳಿದದ್ದು ಹಿಂಡಿನ ಗೊರಸಿಗೆ ಸಿಕ್ಕಿ ಹೋಗುತ್ತದೆ. ನೀವು ಮತ್ತೆ ಬಿತ್ತುತ್ತೀರಿ. ಪಂಚನಾಮೆಗೆ ಬಂದವರು ತಿಂಗಳು ಬಿಟ್ಟು ಹೊಸ ಬೆಳೆ ನೋಡಿ, ಹೊಲ ಚೆನ್ನಾಗೇ ಇದೆಯಲ್ಲ ಅಂತಾರೆ. ಬೀಜ, ಕೂಲಿ, ಹದ ತಪ್ಪಿದ ನಷ್ಟ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟು ದಿನದೊಳಗೆ ಸ್ಥಳಕ್ಕೆ ಬರಲೇಬೇಕು, ಮರುಬಿತ್ತನೆ ಖರ್ಚೂ ಸೇರಬೇಕು, ಇವೆರಡನ್ನೂ ಆದೇಶದಲ್ಲಿ ಬರೆಸಿ ಅಂತ ಹಿಡಿದು ಕೂರಿ. ಅಲ್ಲಿಯವರೆಗೆ ಹಾನಿಯಾದ ದಿನವೇ ಫೋಟೋ ತೆಗೆದು, ಪಹಣಿ ಸೇರಿಸಿ ಅರ್ಜಿ ಕೊಟ್ಟು, ಸ್ವೀಕೃತಿ ಬರೆಸಿಕೊಳ್ಳಿ.

ತಂತಿಗೆ ಕರೆಂಟ್: ಖಂಡಿತ ಬೇಡ. ಉರುಳು, ಬಲೆ, ಕರೆಂಟ್, ಏನು ಹಾಕಿ ಕೊಂದರೂ ಕಾಯ್ದೆಯಲ್ಲಿ ಅದು ಬೇಟೆಯೇ, ಕಂಬದಿಂದ ಎಳೆದಿದ್ದರೆ ವಿದ್ಯುತ್ ಕಳವಿನ ಕೇಸೂ ಸೇರುತ್ತದೆ. ರಾತ್ರಿ ನೀರು ಬಿಡಲು ಹೋದವರು ತಾವೇ ಕಟ್ಟಿದ ತಂತಿ ತುಳಿದು ಸಾಯುವುದೂ ಹೊಸದಲ್ಲ. ಸೋಲಾರ್ ಬೇಲಿ ಹಾಕಿಸಿ. ಅದರಲ್ಲಿ ಕರೆಂಟ್ ಬಿಟ್ಟು ಬಿಟ್ಟು ಕ್ಷಣ ಮಾತ್ರ ಹರಿಯುತ್ತದೆ, ಹೊಡೆತ ಬೀಳುತ್ತದೆ, ಜೀವ ಹೋಗುವುದಿಲ್ಲ. ಬುಡದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಮಾತ್ರ ಕೆಲಸ ಮಾಡುವುದಿಲ್ಲ, ಮಳೆಗಾಲದಲ್ಲಿ ಆಗಾಗ ಕೊಯ್ಯುತ್ತಿರಿ.